ಕಾಂದಿವಲಿಯ ಕನ್ನಡ ಮಗು: ಪಾಠದೊಳಗೇ ಕಾಗುಣಿತದ ಅಭ್ಯಾಸ

(ಪಾಲಕರು ಮತ್ತು ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಮುಂಬಯಿಯ ಪಶ್ಚಿಮ ರೈಲ್ವೆಯ ಕಾಂದಿವಲಿ ನಿಲ್ದಾಣದಲ್ಲಿ ಇಳಿಯುವವರಿಗೆ ಊರಿನ ಹೆಸರು ದೇವನಾಗರಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರುವುದು ಕಾಣುತ್ತದೆ. ಅದೇ ಹೆಸರನ್ನು ಕನ್ನಡದಲ್ಲಿ ಬರೆಯಲು ಎರಡನೆಯ ತರಗತಿಯ ಮಗುವಿಗೆ ಹೇಳಿದರೆ ಅದು 'ಕಾಂದಿವಲೀ' ಎಂದು ದೀರ್ಘ ಹಾಕಿ ಬರೆಯುವ ಸಂಭವವಿದೆ. ಮಗು ಅಜಾಗರೂಕತೆಯಿಂದ ಹಾಗೆ ಬರೆದದ್ದಲ್ಲ. ಮರಾಠಿಯ ಲೇಖನ ನಿಯಮದಂತೆ ಪದದ ಕೊನೆಯ ಇಕಾರ ಉಕಾರಗಳನ್ನು ಸಾಮಾನ್ಯವಾಗಿ ದೀರ್ಘವಾಗಿ ಬರೆಯಬೇಕು. ಕನ್ನಡದಲ್ಲಿ ಅಕ್ಕಿ, ಹಕ್ಕಿ, ನಾಯಿ, ಊರು, ನೀರು ಎಲ್ಲವೂ ಹ್ರಸ್ವದಲ್ಲಿ ಮುಗಿಯುತ್ತವೆ. ಪಕ್ಕದ ನಿಲ್ದಾಣದ ಹೆಸರಿನಲ್ಲಿ ತೊಡಕು ಇನ್ನೂ ಹೆಚ್ಚು. ದೇವನಾಗರಿಯ ಫಲಕವನ್ನು ನೋಡಿ ಅದು 'ಬೊರಿವಲಿ'ಯೋ 'ಬೋರಿವಲಿ'ಯೋ ಎಂದು ಹೇಳಲು ಬಾರದು. ಒಕಾರ ಮತ್ತು ಓಕಾರಗಳಿಗೆ ಮರಾಠಿಯ ಬರವಣಿಗೆಯಲ್ಲಿ ಇರುವುದು ಒಂದೇ ಚಿಹ್ನೆ. ಕನ್ನಡದಲ್ಲಿ ಅವು ಎರಡು, ಮತ್ತು ಅವುಗಳ ಅಂತರದ ಮೇಲೆ ಅರ್ಥವೇ ನಿಂತಿರುತ್ತದೆ.

ಕನ್ನಡ ನಾಡಿನ ಹೊರಗೆ ಕನ್ನಡ ಕಲಿಯುವ ಮಗುವಿನ ಮುಂದಿರುವ ಕೆಲಸ ಎಂಥದೆಂಬುದು ಈ ಎರಡು ನಿಲ್ದಾಣಗಳ ನಡುವೆಯೇ ಸ್ಪಷ್ಟವಾಗುತ್ತದೆ. ಶಿವಮೊಗ್ಗೆಯಲ್ಲಿಯೋ ಹಾವೇರಿಯಲ್ಲಿಯೋ ಬೆಳೆಯುವ ಮಗು ಶಾಲೆಗೆ ಸೇರುವ ಮುನ್ನವೇ ಬಸ್ಸಿನ ಹಣೆಯಲ್ಲಿ, ಅಂಗಡಿಯ ಹಲಗೆಯಲ್ಲಿ, ಗೋಡೆಯ ಜಾಹೀರಾತಿನಲ್ಲಿ ಸಾವಿರಾರು ಸಲ ಕನ್ನಡ ಅಕ್ಷರಗಳನ್ನು ಕಂಡಿರುತ್ತದೆ. ಓದಲು ಬಾರದಿದ್ದರೂ ಪದಗಳ ರೂಪ ಕಣ್ಣಿನಲ್ಲಿ ಕೂತಿರುತ್ತದೆ. ಕಾಂದಿವಲಿಯ ಮಗುವಿಗೆ ಆ ಅನುಕೂಲವಿಲ್ಲ. ಮನೆಯ ಕನ್ನಡ ಕ್ಯಾಲೆಂಡರು, ಊರಿನಿಂದ ಬಂದ ಮದುವೆಯ ಕರೆಯೋಲೆ, ಅಜ್ಜ ಓದುವ ಪತ್ರಿಕೆ, ಇವಿಷ್ಟೇ ಅದು ಕಾಣುವ ಮುದ್ರಿತ ಕನ್ನಡ. ಉಳಿದದ್ದನ್ನು ತರಗತಿಯೇ ಒದಗಿಸಬೇಕು.

ಮುಂಬಯಿಗೆ ಕನ್ನಡಿಗರು ಬಂದದ್ದು ಇಂದು ನಿನ್ನೆಯಲ್ಲ. ಉಡುಪಿ, ದಕ್ಷಿಣ ಕನ್ನಡಗಳ ಕಡೆಯಿಂದ ಹೋಟೆಲು, ಬ್ಯಾಂಕು, ಕಚೇರಿಗಳ ಕೆಲಸಕ್ಕೆ ಬಂದವರು ಕೋಟೆ ಪ್ರದೇಶದಿಂದ ಕ್ರಮೇಣ ಉಪನಗರಗಳಿಗೆ ಸರಿದರು. ಉತ್ತರ ಕರ್ನಾಟಕದ ವಿಜಯಪುರ, ಕಲಬುರಗಿ ಭಾಗಗಳಿಂದ ಕಟ್ಟಡದ ಕೆಲಸಕ್ಕೆ ಬರುವ ಕುಟುಂಬಗಳೂ ಇವೆ. ಕಳೆದ ಶತಮಾನದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಮೆಟ್ರಿಕ್ ಮುಗಿಸಿದ ಹುಡುಗರ ಪೀಳಿಗೆಯೇ ಈ ನಗರದಲ್ಲಿತ್ತು. ಬೃಹನ್ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಗುಜರಾತಿ, ಉರ್ದು, ತಮಿಳು, ತೆಲುಗು, ಇಂಗ್ಲಿಷುಗಳೊಂದಿಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ 'ಬಾಲಭಾರತಿ' ಕನ್ನಡದಲ್ಲಿಯೂ ಪುಸ್ತಕ ಅಚ್ಚು ಮಾಡುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ಅನುಚ್ಛೇದ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಅದು ಸೇರಿತು. ಆದರೂ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ದಶಕಗಳಿಂದ ಇಳಿಯುತ್ತಿದೆ. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿಯೋ, ರಜಾದಿನಗಳಲ್ಲಿ ಸಂಘಸಂಸ್ಥೆಗಳ ತರಗತಿಯಲ್ಲಿಯೋ ಕನ್ನಡ ಬರೆಯಲು ಕಲಿಯುವುದೇ ಈಗ ಹೆಚ್ಚು. ಎಲ್ಲಿ ಕಲಿತರೂ ಸಿಗುವ ಸಮಯ ಕಡಿಮೆ. ಆದ್ದರಿಂದ ಆ ಸಮಯವನ್ನು ಹೇಗೆ ಬಳಸಬೇಕೆಂಬ ಪ್ರಶ್ನೆಗೆ ತೂಕವಿದೆ.

'ಕನ್ನಡಕ್ಕೆ ಸ್ಪೆಲ್ಲಿಂಗಿನ ಕಾಟವಿಲ್ಲ, ನುಡಿದಂತೆ ಬರೆದರಾಯಿತು' ಎಂಬ ಮಾತು ಅನೇಕ ಪಾಲಕರ ಬಾಯಲ್ಲಿದೆ. ಇಂಗ್ಲಿಷಿಗೆ ಹೋಲಿಸಿದರೆ ಅದು ನಿಜ. ಆದರೆ ಅದನ್ನೇ ನಂಬಿ ಕುಳಿತರೆ ಮಗುವಿಗೆ ಅನ್ಯಾಯವಾಗುತ್ತದೆ. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತ ಮಾತ್ರಕ್ಕೆ ಕನ್ನಡ ಬರೆಯಲು ಬರುವುದಿಲ್ಲ. 34 ವ್ಯಂಜನಗಳಿಗೂ ಕಾಗುಣಿತದ ಹದಿನೈದು ರೂಪಗಳಂತೆ ಲೆಕ್ಕ ಹಾಕಿದರೆ 510 ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಒತ್ವ ಎಂದು ಹಿರಿಯರು ಈ ಚಿಹ್ನೆಗಳಿಗೆಲ್ಲ ಹೆಸರಿಟ್ಟಿರುವುದೇ ಇವು ಒಂದೊಂದೂ ಬೇರೆಯಾಗಿ ಕಲಿಯಬೇಕಾದ ಸಂಗತಿಗಳೆಂಬುದಕ್ಕೆ ಸಾಕ್ಷಿ. ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ ಸೋನಾಲಿ ನಾಗ್ ಅವರು ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಕ್ಷರಗಳ ಪೂರ್ಣ ಪರಿಚಯ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ಅದು ತೋರಿಸಿತು. ಮೊದಲ ತರಗತಿಯಲ್ಲಿಯೇ 'ಅಕ್ಷರ ಮುಗಿಯಿತು' ಎಂದು ಪುಸ್ತಕ ಮುಚ್ಚುವ ಶಿಕ್ಷಕರು ಇದನ್ನು ಗಮನಿಸುವುದು ಒಳ್ಳೆಯದು.

ಮಗು ಎಡವುವುದು ಎಲ್ಲಿ? 'ಅಕ್ಕಿ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಕಿವಿಗೆ ಕೇಳಿಸುವ ಕ್ರಮದಲ್ಲಿ ಮೊದಲು ಅ, ಆಮೇಲೆ ಒಂದು ಕಕಾರ, ಇನ್ನೊಂದು ಕಕಾರ, ಕೊನೆಗೆ ಇಕಾರ. ಬರವಣಿಗೆಯಲ್ಲಿ ಮಾತ್ರ ಆ ಕೊನೆಯ ಇಕಾರದ ಗುಡಿಸು ಮೊದಲನೆಯ ಕಕಾರದ ತಲೆಯ ಮೇಲೆ ಏರುತ್ತದೆ, ಎರಡನೆಯ ಕಕಾರ ಕೆಳಗೆ ಒತ್ತಾಗಿ ಕೂರುತ್ತದೆ. ಕೇಳಿದ ಕ್ರಮ ಬೇರೆ, ಕೈ ಬರೆಯುವ ಕ್ರಮ ಬೇರೆ. 'ಸೂರ್ಯ' ಎಂಬಲ್ಲಿ ಮೊದಲು ಕೇಳಿಸುವ ರಕಾರವನ್ನು ಅರ್ಕಾವೊತ್ತಿನಿಂದ ಬರೆಯುವಾಗ ಅದು ಯಕಾರದ ನಂತರ ಬರುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಕಾಣದು. 'ಅಮ್ಮ' ಮಗು ಮೊದಲು ಆಡುವ ಪದವಾದರೂ ಬರೆಯಲು ಸುಲಭದ ಪದವಲ್ಲ. ಪ, ಫ, ವಗಳಿಗೆ ಕೊಂಬು ಕೊಡುವಾಗ ಅದು ಬೇರೆ ಅಕ್ಷರಗಳಲ್ಲಿರುವಂತೆ ಪಕ್ಕದಲ್ಲಿ ನಿಲ್ಲದೆ ಕೆಳಗಿಳಿಯುತ್ತದೆ. ದೊಡ್ಡವರ ಕೈಗೆ ಇವೆಲ್ಲ ಅಭ್ಯಾಸವಾಗಿರುವುದರಿಂದ ಇಲ್ಲಿ ಕಷ್ಟವಿದೆಯೆಂಬುದೇ ಮರೆತುಹೋಗಿರುತ್ತದೆ.

ಇನ್ನು ಮನೆಮಾತಿನ ಪ್ರಶ್ನೆ. ಕಾಂದಿವಲಿಯಲ್ಲಿ ಕನ್ನಡ ತರಗತಿಗೆ ಬರುವ ಅನೇಕ ಮಕ್ಕಳ ಮನೆಮಾತು ತುಳು. ತುಳುವಿನ ಪದಾಂತ್ಯದಲ್ಲಿ ಅರ್ಧವಾಗಿ ನುಡಿಯುವ ಒಂದು ಉಕಾರವಿದೆ. ಅದಕ್ಕೆ ಒಗ್ಗಿದ ಕಿವಿ 'ಹಾಲು', 'ಕಾಲು'ಗಳ ಕೊನೆಯ ಕೊಂಬನ್ನು ಬಿಟ್ಟುಬಿಡಬಹುದು. ವಿಜಯಪುರದ ಕಡೆಯ ಮಗು 'ಮನೆ'ಯನ್ನು 'ಮನಿ' ಎಂದೂ 'ಎಲೆ'ಯನ್ನು 'ಎಲಿ' ಎಂದೂ ಆಡುತ್ತದೆ, ಹಾಗೆಯೇ ಬರೆಯುತ್ತದೆ. ಹಳೆಯ ಮೈಸೂರಿನ ಹಳ್ಳಿಯ ಕಡೆಯ ಮನೆಗಳಲ್ಲಿ 'ಹಾಡು' 'ಆಡು' ಆಗುವುದುಂಟು. ಇವುಗಳಲ್ಲಿ ಒಂದೂ ಕಿವಿಯ ದೋಷವಲ್ಲ. ಮಗು ತನ್ನ ಮನೆಯಲ್ಲಿ ಕೇಳಿದ್ದನ್ನು ನಿಷ್ಠೆಯಿಂದ ಬರೆದಿದೆ. 'ನಿಮ್ಮ ಮನೆಯಲ್ಲಿ ಮನಿ ಅನ್ನುತ್ತಾರೆ, ಪುಸ್ತಕದಲ್ಲಿ ಮನೆ ಎಂದು ಬರೆಯುತ್ತಾರೆ' ಎಂದು ಎರಡನ್ನೂ ಹಲಗೆಯ ಮೇಲೆ ಬರೆದು ತೋರಿಸಿದರೆ ಮಗು ಕೂಡಲೇ ಹಿಡಿಯುತ್ತದೆ. 'ನಿಮ್ಮ ಮಾತೇ ತಪ್ಪು' ಎಂದರೆ ಮಗು ತಾಯಿಯ ಮಾತಿಗೂ ಶಾಲೆಗೂ ನಡುವೆ ಒಂದನ್ನು ಆರಿಸಬೇಕಾಗುತ್ತದೆ. ಆರಿಸಲು ಒಲ್ಲದೆ ಅದು ಬರೆಯುವುದನ್ನೇ ಬಿಡುತ್ತದೆ.

ಮರಾಠಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 2020ರ ಶಾಸನದ ಮೇರೆಗೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿಯನ್ನು ಕಲಿಸುವುದು ಕಡ್ಡಾಯವಾಗಿದೆ. ಎರಡು ಲಿಪಿಗಳು ಒಟ್ಟಿಗೆ ಬಂದರೆ ಕನ್ನಡ ಕೆಡುತ್ತದೆಂದು ಕೆಲವು ಪಾಲಕರು ಅಂಜುತ್ತಾರೆ. ಮರಾಠಿ ತೊಡಕು ತರುವ ಜಾಗಗಳನ್ನು ಆರಂಭದಲ್ಲಿಯೇ ಹೇಳಿದ್ದಾಯಿತು: ಎ-ಏ, ಒ-ಓ ಮತ್ತು ಪದಾಂತ್ಯದ ದೀರ್ಘ. ಆದರೆ ಮರಾಠಿಯಿಂದ ಸಹಾಯವೂ ಇದೆ. ಅಲ್ಲಿ ಳಕಾರ ಲಕಾರಗಳು ಬೇರೆ ಬೇರೆ. ಮಹಾಪ್ರಾಣಗಳು ದಿನದ ಬಳಕೆಯ ಪದಗಳಲ್ಲಿಯೇ ಗಟ್ಟಿಯಾಗಿ ಕೇಳಿಸುತ್ತವೆ. ಮನೆಗೆ 'ಘರ' ಎನ್ನುವ ನೆರೆಯವರ ನಡುವೆ ಬೆಳೆದ ಮಗುವಿಗೆ ಗಕಾರ ಘಕಾರಗಳ ವ್ಯತ್ಯಾಸವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕನ್ನಡ ನಾಡಿನ ಎಷ್ಟೋ ಮಕ್ಕಳಿಗೆ ಮಹಾಪ್ರಾಣ ಪುಸ್ತಕದ ಅಕ್ಷರವಾಗಿಯೇ ಉಳಿಯುತ್ತದೆ. ಕನ್ನಡದ ಬರಹದಿಂದ ಮಹಾಪ್ರಾಣಗಳನ್ನೇ ಕೈಬಿಡಬಹುದೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದುಂಟು. ಆ ಚರ್ಚೆ ವಿದ್ವಾಂಸರಿಗೆ ಸೇರಿದ್ದು. ಪಠ್ಯಪುಸ್ತಕ ಬದಲಾಗುವವರೆಗೆ ಮಗು ಅದರಲ್ಲಿರುವಂತೆಯೇ ಬರೆಯಬೇಕು. ಕಾಂದಿವಲಿಯ ಮಗುವಿಗೆ ಈ ಒಂದು ವಿಷಯದಲ್ಲಿ ನೆರೆಹೊರೆಯೇ ಗುರು.

ಈಗ ರೂಢಿಯಲ್ಲಿರುವ ಅಭ್ಯಾಸವನ್ನು ನೋಡೋಣ. ವಾರಕ್ಕೊಮ್ಮೆ ಉಕ್ತಲೇಖನ, ತಪ್ಪಾದ ಪದವನ್ನು ಹತ್ತು ಸಲ ಬರೆಯುವ ಶಿಕ್ಷೆ, ಕೆಂಪು ಶಾಯಿಯ ಗುರುತುಗಳಿಂದ ತುಂಬಿದ ಪುಟ. ಹತ್ತು ಸಲ ಬರೆಯುವ ಮಗು ಹೇಗೆ ಬರೆಯುತ್ತದೆಂಬುದನ್ನು ಗಮನಿಸಿದವರಿಗೆ ಗೊತ್ತು: ಮೊದಲು ಹತ್ತು 'ಅ'ಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ಬರೆದುಕೊಂಡು, ಆಮೇಲೆ ಹತ್ತು 'ಕಿ'ಗಳನ್ನು, ಕೊನೆಗೆ ಹತ್ತು ಒತ್ತುಗಳನ್ನು ಹಾಕಿ ಮುಗಿಸುತ್ತದೆ. ಅಲ್ಲಿ ಪದವೇ ಇಲ್ಲ. ಬಳ್ಳಿಯ ಚಿತ್ರ ಬಿಡಿಸಿದಂತೆ ಕೈ ಓಡುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪುಟವೆಲ್ಲ ಕೆಂಪಾದುದನ್ನು ಎರಡು ಮೂರು ಸಲ ಕಂಡ ಮಗು ಜಾಣತನ ಕಲಿಯುತ್ತದೆ. 'ರಜೆಯಲ್ಲಿ ಅಜ್ಜಿಯ ಮನೆಗೆ ಹೋಗಿದ್ದೆ, ಹಟ್ಟಿಯಲ್ಲಿ ಕರು ಹುಟ್ಟಿತ್ತು' ಎಂದು ಬರೆಯಬೇಕೆಂದಿದ್ದರೂ ಒತ್ತುಗಳಿಗೆ ಹೆದರಿ 'ಇದು ಹಸು. ಹಸು ಹಾಲು ಕೊಡುತ್ತದೆ' ಎಂದು ಬರೆದು ಪುಸ್ತಕ ಮುಚ್ಚುತ್ತದೆ. ಆ ಪುಟದಲ್ಲಿ ಒಂದೂ ತಪ್ಪಿಲ್ಲ, ಪೂರ್ಣ ಅಂಕ. ಹೇಳಬೇಕೆಂದಿದ್ದ ಮಾತು ಮಾತ್ರ ಬರಹಕ್ಕೆ ಬರಲೇ ಇಲ್ಲ.

ಹಾಗೆಂದು ತಪ್ಪನ್ನು ತಿದ್ದದೆ ಬಿಡುವುದೂ ದಾರಿಯಲ್ಲ. ಚಿಕ್ಕ ಮಕ್ಕಳು ತಾವೇ ಊಹಿಸಿ ಬರೆಯುವ ಕಾಗುಣಿತದಲ್ಲಿ ಕ್ರಮವಿದೆಯೆಂದು ಅಮೆರಿಕದ ಚಾರ್ಲ್ಸ್ ರೀಡ್ 1971ರಲ್ಲಿ ತೋರಿಸಿಕೊಟ್ಟರು. ಮಗುವಿನ ತಪ್ಪು ಅದರ ತಿಳಿವಳಿಕೆಯ ನಕ್ಷೆ ಎಂಬ ಭಾವನೆ ಅಲ್ಲಿಂದ ಬಲಗೊಂಡಿತು. ಆದರೆ ನಕ್ಷೆ ನೋಡಿದವರು ಮುಂದಿನ ಹೆಜ್ಜೆಯನ್ನೂ ಹೇಳಬೇಕು. 'ಮುಂದೆ ತಾನಾಗಿಯೇ ಸರಿಹೋಗುತ್ತದೆ' ಎಂಬ ಭರವಸೆ ಸುತ್ತಲೂ ಕನ್ನಡ ಮುದ್ರಣವಿರುವ ಊರಿನಲ್ಲಿ ಸ್ವಲ್ಪ ಮಟ್ಟಿಗೆ ಸಲ್ಲಬಹುದು, ಕಾಂದಿವಲಿಯಲ್ಲಿ ಸಲ್ಲದು.

ಕಾಗುಣಿತದ ಅಭ್ಯಾಸವನ್ನು ಬೇರೆ ಪೀರಿಯಡಿನ ಪ್ರತ್ಯೇಕ ಶಿಸ್ತನ್ನಾಗಿ ಮಾಡದೆ ಅಂದಿನ ಓದು-ಬರಹದ ಪಾಠದೊಳಗೇ ಹತ್ತು ನಿಮಿಷ ಕೂರಿಸುವುದು ಅನುಭವಸ್ಥ ಶಿಕ್ಷಕರು ಕಂಡುಕೊಂಡ ಮಾರ್ಗ. ಅಕ್ಷರ ಕಲಿಸುವ ಕ್ರಮದಲ್ಲಿ ಕರ್ನಾಟಕದಲ್ಲಿ ಇಂಥದೊಂದು ಬದಲಾವಣೆ ಆಗಲೇ ಆಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯಲ್ಲಿ ಅ, ಆ, ಇ, ಈ ಎಂಬ ಸಾಂಪ್ರದಾಯಿಕ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಬರೆಯಲು ಸುಲಭವಾದ ಅಕ್ಷರಗಳಿಂದ ಪಾಠ ಶುರುವಾಗುತ್ತದೆ. ನಾಲ್ಕೈದು ಅಕ್ಷರ ಬಂದೊಡನೆ ಮಗು ಅರಸ, ಸರ, ದರ, ಗರಗಸ ಎಂದು ಪದಗಳನ್ನೇ ಬರೆಯುತ್ತದೆ. ಅಕ್ಷರ ಕಲಿತ ದಿನವೇ ಅದು ಪದಕ್ಕೆ ಬೇಕಾಗುತ್ತದೆ. ಕಾಗುಣಿತವನ್ನೂ ಒತ್ತಕ್ಷರವನ್ನೂ ಹೀಗೆಯೇ ಬಳಕೆಯೊಂದಿಗೆ ಜೋಡಿಸಬಹುದು.

ಒಂದು ದಿನದ ಪಾಠವನ್ನು ಊಹಿಸಿಕೊಳ್ಳೋಣ. ವಿಷಯ ಪೇಟೆ. ಮಕ್ಕಳು ಹಿಂದಿನ ಸಂಜೆ ತಾಯಿಯೊಡನೆ ತರಕಾರಿ ತರಲು ಹೋದದ್ದನ್ನು ಹೇಳುತ್ತಾರೆ. ಶಿಕ್ಷಕಿ ಅದರಿಂದಲೇ ಮೂರು ಪದಗಳನ್ನು ಎತ್ತಿಕೊಳ್ಳುತ್ತಾರೆ: ಬೆಲೆ, ಬೆಳೆ, ಬೇಳೆ. ಮೊದಲು ಮಕ್ಕಳು ಕೇಳುತ್ತಾರೆ, ದೀರ್ಘ ಬಂದಲ್ಲಿ ಕೈಯನ್ನು ಅಗಲಿಸಿ ತೋರಿಸುತ್ತಾರೆ. ಆಮೇಲೆ ಪದವನ್ನು ಹಲಗೆಯ ಮೇಲೆ ನೋಡುತ್ತಾರೆ. ಏತ್ವಕ್ಕೂ ಅದರ ದೀರ್ಘಕ್ಕೂ ಇರುವ ವ್ಯತ್ಯಾಸವನ್ನು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಾರೆ. ಪದವನ್ನು ಮುಚ್ಚಿದ ಮೇಲೆ ನೆನಪಿನಿಂದ ಬರೆಯುತ್ತಾರೆ, ತೆರೆದು ತಾವೇ ಹೋಲಿಸುತ್ತಾರೆ. ಇಲ್ಲಿ ಮುಚ್ಚುವುದೇ ಮುಖ್ಯ. ಕಣ್ಣೆದುರಿನ ಪದವನ್ನು ನಕಲು ಮಾಡುವಾಗ ಮನಸ್ಸಿಗೆ ಕೆಲಸವಿಲ್ಲ. ನೆನಪಿನಿಂದ ಎಳೆದು ತಂದದ್ದು ಉಳಿಯುತ್ತದೆ. ಕೊನೆಗೆ 'ತೊಗರಿ ಬೇಳೆಯ ಬೆಲೆ ಏರಿದೆ, ಈ ವರ್ಷ ಬೆಳೆ ಕಡಿಮೆ' ಎಂಬ ವಾಕ್ಯವನ್ನು ಉಕ್ತಲೇಖನವಾಗಿ ಕೊಡುತ್ತಾರೆ. ಬಿಡಿ ಪದದಲ್ಲಿ 'ಬೆಳೆ' ಎಂದು ಬರೆದ ಮಗುವನ್ನು 'ತಪ್ಪು' ಎನ್ನಲು ಕಾರಣ ಹೇಳಬೇಕಾಗುತ್ತದೆ. ವಾಕ್ಯದಲ್ಲಿ ಅದೇ ಪದವನ್ನು ಬೇಳೆಯ ಜಾಗದಲ್ಲಿ ಬರೆದರೆ ಮಗು ಓದಿಕೊಂಡು ತಾನೇ ನಗುತ್ತದೆ. ಕೊಡು-ಕೋಡು, ಹುಲಿ-ಹುಳಿ, ಹಲ್ಲಿ-ಹಳ್ಳಿ, ಅಕ್ಕಿ-ಹಕ್ಕಿ, ಇಂಥ ಜೋಡಿಗಳು ಕನ್ನಡದಲ್ಲಿ ಬೇಕಾದಷ್ಟಿವೆ.

ದಿನಕ್ಕೆ ಐದಾರು ಪದಗಳು ಸಾಕು, ಅವೆಲ್ಲ ಒಂದೇ ಬಗೆಯವಾಗಿರಬೇಕು. ಒಂದು ದಿನ ದೀರ್ಘ, ಒಂದು ದಿನ ಸಜಾತೀಯ ಒತ್ತು, ಅದು ಕೈಗೆ ಹತ್ತಿದ ಮೇಲೆ ವಿಜಾತೀಯ ಒತ್ತು. 'ಅಪ್ಪ', 'ಕಣ್ಣು', 'ಹಣ್ಣು'ಗಳ ದಿನ 'ಪುಸ್ತಕ', 'ವಿದ್ಯಾರ್ಥಿ'ಗಳನ್ನು ತರಬಾರದು. ಇಂದು ಬರೆದದ್ದನ್ನು ನಾಡಿದ್ದು ಒಮ್ಮೆ, ಮುಂದಿನ ವಾರ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ನೆನಪಿನಿಂದ ಬರೆಸಬೇಕು. ಒಂದೇ ದಿನ ಹತ್ತು ಸಲ ಬರೆದದ್ದಕ್ಕಿಂತ ಬೇರೆ ಬೇರೆ ದಿನ ನಾಲ್ಕು ಸಲ ಬರೆದದ್ದು ಹೆಚ್ಚು ಕಾಲ ನಿಲ್ಲುತ್ತದೆ. ಹೀಗೆ ಬಿಡುವು ಕೊಟ್ಟು ಕಲಿತದ್ದು ಉಳಿಯುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದನು.

ತಿದ್ದುವ ಕ್ರಮವೂ ಬದಲಾಗಬೇಕು. ಮಗು ಸ್ವಂತವಾಗಿ ಬರೆದ ಬರಹದಲ್ಲಿ ಶಿಕ್ಷಕರು ಮೊದಲು ಉತ್ತರ ಕೊಡಬೇಕಾದದ್ದು ಅದು ಹೇಳಿದ ಸಂಗತಿಗೆ. ಕರು ಹುಟ್ಟಿತೆಂದು ಬರೆದವಳಿಗೆ 'ಕರುವಿಗೆ ಏನು ಹೆಸರಿಟ್ಟರು?' ಎಂದು ಕೇಳಬೇಕು. ಆಮೇಲೆ ಆ ವಾರ ಕಲಿಸಿದ ಬಗೆಯ ತಪ್ಪುಗಳನ್ನು ಮಾತ್ರ ಗುರುತಿಸಬೇಕು, ಅದನ್ನೂ ಅಂಚಿನಲ್ಲಿ ಒಂದು ಚುಕ್ಕೆಯಿಟ್ಟು. ಪದವನ್ನು ಹುಡುಕಿ ಸರಿಪಡಿಸುವ ಕೆಲಸ ಮಗುವಿನದು. ಉಳಿದ ತಪ್ಪುಗಳನ್ನು ಶಿಕ್ಷಕರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರೆ ಮುಂದಿನ ವಾರದ ಪದಪಟ್ಟಿ ಅಲ್ಲಿಯೇ ಸಿದ್ಧವಾಗಿರುತ್ತದೆ. ಸಿದ್ಧ ಪಟ್ಟಿಗಳ ಪುಸ್ತಕವನ್ನು ಕೊಳ್ಳುವ ಅಗತ್ಯವಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಇದು ಸಾಧ್ಯವೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಮುಂಬಯಿಯ ಕನ್ನಡ ತರಗತಿಗಳಲ್ಲಿ ಇಂದು ಇರುವ ಕೊರತೆ ಮಕ್ಕಳದು. ವಿಷಾದದ ಸಂಗತಿಯಾದರೂ, ಒಂದೊಂದು ಮಗುವಿನ ಪುಟವನ್ನೂ ನೋಡಲು ಅದರಿಂದ ಒದಗಿದ ಅವಕಾಶವನ್ನು ಬಳಸಿಕೊಳ್ಳಬಹುದು.

ಮನೆಯಲ್ಲಿ ಪಾಲಕರು ಶಾಲೆಯನ್ನು ಮತ್ತೆ ನಡೆಸಬೇಕಾಗಿಲ್ಲ. ಪೇಟೆಗೆ ಹೋಗುವ ಮುನ್ನ ಸಾಮಾನಿನ ಪಟ್ಟಿಯನ್ನು ಮಗುವಿನಿಂದ ಕನ್ನಡದಲ್ಲಿ ಬರೆಸಬಹುದು. 'ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಉಪ್ಪು' ಎಂಬಷ್ಟರಲ್ಲಿಯೇ ದೀರ್ಘವೂ ಒತ್ತೂ ಬಂದವು. ಊರಿನ ಅಜ್ಜನಿಗೋ ಅತ್ತೆಗೋ ತಿಂಗಳಿಗೊಂದು ಕಾರ್ಡು ಬರೆಸಬಹುದು. ದೂರವಾಣಿಯಲ್ಲಿ ದಿನವೂ ಮಾತಾಡುವಾಗ ಕಾರ್ಡು ಏಕೆ ಎಂದು ಮಗು ಕೇಳಿದರೆ, ಅಜ್ಜ ಅದನ್ನು ಎತ್ತಿಟ್ಟುಕೊಳ್ಳುತ್ತಾರೆ ಎಂಬ ಉತ್ತರ ಸಾಕು. ತಾಯಿತಂದೆಗೆ ಕನ್ನಡ ಓದಲು ಬಾರದ ಮನೆಗಳೂ ಇವೆ. ಅಲ್ಲಿ ಮಗು ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳುವುದೇ ದೊಡ್ಡ ಉಪಕಾರ. ಓದುವಾಗ ತಡವರಿಸಿದಲ್ಲಿ ತಪ್ಪಿದೆಯೆಂದು ಮಗುವಿಗೇ ತಿಳಿಯುತ್ತದೆ.

ಕೇಂದ್ರ ಸರ್ಕಾರ 2021ರ ಜುಲೈ 5ರಂದು ಆರಂಭಿಸಿದ 'ನಿಪುಣ್ ಭಾರತ್' ಅಭಿಯಾನವು ಮೂರನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವೂ ಅರ್ಥ ತಿಳಿದು ಓದಬೇಕು, ಬರೆಯಬೇಕು, ಮೂಲ ಲೆಕ್ಕ ಮಾಡಬೇಕು ಎಂಬ ಗುರಿಯನ್ನಿಟ್ಟು, ಅದನ್ನು ಸಾಧಿಸಲು 2026-27ನೆಯ ವರ್ಷವನ್ನು ನಿಗದಿಪಡಿಸಿತು. ಅದರಲ್ಲಿ ಹೇಳಿರುವ ಬರಹ ಸ್ವಂತ ಮಾತಿನ ಬರಹವೇ ಹೊರತು ನಕಲಲ್ಲ ಎಂಬುದನ್ನು ಶಿಕ್ಷಕರು ಗಮನದಲ್ಲಿಡಬೇಕು.

ಕೊನೆಯದಾಗಿ ಒಂದು ಸಣ್ಣ ವ್ಯವಸ್ಥೆಯ ಮಾತು. ಕಟ್ಟಡದ ಕೆಲಸ ಮುಗಿದೊಡನೆ ಊರಿಗೆ ಮರಳುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ಕಾಂದಿವಲಿಯ ತರಗತಿಯನ್ನು ಬಿಟ್ಟು ವಿಜಯಪುರದ ಶಾಲೆಗೆ ಸೇರಬೇಕಾಗುತ್ತದೆ. ಹೊಸ ಶಾಲೆಯವರಿಗೆ ಮಗುವಿಗೆ ಏನು ಬರುತ್ತದೆಂದು ತಿಳಿಯದೆ ಮತ್ತೆ ಅಆಇಈಯಿಂದ ಕೂರಿಸುವುದುಂಟು. ಪ್ರತಿ ಮಗುವಿಗೂ ಒಂದು ಪದಪುಸ್ತಕವಿದ್ದು, ಕಲಿತ ಪದಗಳನ್ನು ತಾರೀಕು ಹಾಕಿ ಬರೆಸಿ, ಗಟ್ಟಿಯಾದವುಗಳ ಮುಂದೆ ಗುರುತು ಮಾಡಿದ್ದರೆ ಆ ಪುಸ್ತಕವೇ ಪರಿಚಯ ಪತ್ರವಾಗುತ್ತದೆ. ಅದನ್ನು ಶಾಲೆಯ ಕಪಾಟಿನಲ್ಲಿ ಇಡಬಾರದು. ಮಗುವಿನ ಚೀಲದಲ್ಲಿಯೇ ಇರಬೇಕು. ಊರಿಗೆ ಹೊರಡುವುದು ಎಷ್ಟೋ ಸಲ ರಾತ್ರೋರಾತ್ರಿ ನಿರ್ಧಾರವಾಗುತ್ತದೆ.